ತಿಳಿಯೂ ಗಸಿಯೂ

ಕೊಡದ ಒಳಮೈಗೆ ಚಿಲ್ಲದ ಬೀಜವನ್ನು ತೇಯ್ದು, ಬಗ್ಗಡದ ನೀರನ್ನು ತುಂಬಿ, ಅಲುಗಿಸದೆ ಕಾದಿರುವುದು ಹಿಂದಿನ ಗೃಹಿಣಿಯರು ಬಲ್ಲ ವಿದ್ಯೆ. ಗಸಿಯು ತಳಕ್ಕಿಳಿದ ಹಾಗೆಲ್ಲ ನೀರು ತಿಳಿಯಾಗುವುದು. ನಗರದ ಕೊಳಚೆಯನ್ನು ಶುದ್ಧಿಮಾಡುವ ಶಾಸ್ತ್ರವೂ ಕಡೆಗೆ ಈ ಕಾಯುವಿಕೆಯನ್ನೇ ನಂಬಿಕೊಂಡಿದೆ.

೧೯೧೪ರಲ್ಲಿ ಮ್ಯಾಂಚೆಸ್ಟರ್ ನಗರದ ಆರ್ಡರ್ನ್ ಮತ್ತು ಲಾಕೆಟ್ ಎಂಬ ರಸಾಯನಜ್ಞರು ಕೊಳಚೆ ನೀರಿಗೆ ಗಾಳಿಯೂದಿ ನೋಡಿದ ಪ್ರಯೋಗವನ್ನು ಪ್ರಕಟಿಸಿದರು. ಮೊದಲ ಸಲ ನೀರು ಪೂರ್ಣವಾಗಿ ಶುದ್ಧಿಗೊಳ್ಳಲು ಸುಮಾರು ಐದು ವಾರ ಹಿಡಿಯಿತು. ಅವರು ತಿಳಿಯನ್ನು ಮಾತ್ರ ಬಸಿದು, ತಳದ ಕೆಸರಿನ ಮೇಲೆಯೇ ಹೊಸ ಕೊಳಚೆಯನ್ನು ಸುರಿದರು. ಹೀಗೆ ಮತ್ತೆ ಮತ್ತೆ ಮಾಡಲು, ವಾರಗಳ ಕೆಲಸವು ಒಂದು ದಿನದೊಳಗೆ ಮುಗಿಯತೊಡಗಿತು. ಹಾಲಿಗೆ ಹೆಪ್ಪಿದ್ದಂತೆ ಕೊಳಚೆಗೆ ಆ ಕೆಸರು. ಅದು ಸೂಕ್ಷ್ಮಜೀವಿಗಳ ಬೀಡು. ಈ ಪ್ರಯೋಗಕ್ಕೆ ಪ್ರೇರಕರಾಗಿದ್ದ ಗಿಲ್ಬರ್ಟ್ ಫೌಲರರು ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರು.

ಕೆಲಸ ಮುಗಿಸಿದ ಕೆಸರು ನೀರನ್ನು ಬಿಟ್ಟು ಕೆಳಗಿಳಿಯಬೇಕು. ಇದನ್ನರಿಯಲು ಪರೀಕ್ಷಕನು ಗಾಳಿತೊಟ್ಟಿಯ ಮಿಶ್ರಣವನ್ನು ಒಂದು ಲೀಟರಿನ ಗೆರೆಹಾಕಿದ ಗಾಜಿನ ಜಾಡಿಗೆ ತುಂಬಿ, ೩೦ ನಿಮಿಷ ಬಿಟ್ಟು, ಗಸಿ ನಿಂತ ಮಟ್ಟವನ್ನು ಓದುವನು. ಆದರೆ ಮಟ್ಟವೊಂದನ್ನೇ ನಂಬಲಾಗದು. ಎರಡು ಜಾಡಿಗಳಲ್ಲಿಯೂ ಗಸಿ ೩೦೦ ಮಿಲಿಲೀಟರಿಗೆ ನಿಂತಿದೆಯೆನ್ನೋಣ. ಅದೇ ಮಿಶ್ರಣಗಳನ್ನು ಸೋಸಿ, ಕೆಸರನ್ನು ಒಣಗಿಸಿ ತೂಗಿದರೆ, ಲೀಟರಿಗೆ ಒಂದರಲ್ಲಿ ೩ ಗ್ರಾಂ, ಇನ್ನೊಂದರಲ್ಲಿ ೧.೫ ಗ್ರಾಂ ಸಿಕ್ಕಬಹುದು. ಆಗ ಒಂದು ಗ್ರಾಂ ಕೆಸರು ಮೊದಲನೆಯದರಲ್ಲಿ ೧೦೦ ಮಿಲಿಲೀಟರು, ಎರಡನೆಯದರಲ್ಲಿ ೨೦೦ ಮಿಲಿಲೀಟರು ಎಡೆಯನ್ನು ಆಕ್ರಮಿಸಿದಂತಾಯಿತು. ೧೯೩೪ರಲ್ಲಿ ಅಮೆರಿಕದ ಮೋಲ್ಮನ್ ಎಂಬವರು ಈ ಲಬ್ಧವನ್ನೇ ಕೆಸರಿನ ಸೂಚ್ಯಂಕವೆಂದು ಮುಂದಿಟ್ಟರು. ಅದು ನೂರರ ಆಸುಪಾಸಿನಲ್ಲಿದ್ದರೆ ಸಾಮಾನ್ಯವಾಗಿ ಕ್ಷೇಮ. ನೂರೈವತ್ತನ್ನು ಮೀರಿದರೆ ಎಚ್ಚರ ಬೇಕು.

ಗಾಳಿಯೋ ಪೋಷಣೆಯೋ ಸಾಲದಾದಾಗ ನೂಲಿನಂಥ ಜೀವಾಣುಗಳು ಮಿತಿಮೀರಿ ಬೆಳೆದು, ಕೆಸರು ಹಿಂಜಿದ ಅರಳೆಯಂತೆ ಉಬ್ಬುವುದುಂಟು. ಸೋಜಿಗವೆಂದರೆ, ಅಂಥ ಕೆಸರಿನ ಮೇಲಿನ ನೀರು ಅನೇಕ ವೇಳೆ ಬಹು ನಿರ್ಮಲವಾಗಿರುವುದು. ಆ ನೂಲುಗಳೇ ಸಣ್ಣ ಕಣಗಳನ್ನು ಶೋಧಿಸಿರುತ್ತವೆ. ತಿಳಿಯನ್ನು ಕಂಡು ತೃಪ್ತನಾಗಿ ಎದ್ದುಹೋದವನು ಮೋಸಹೋದನೆಂದೇ ಅರ್ಥ. ಹೀಗೆ ಉಬ್ಬಿದ ಕೆಸರು ತೊಟ್ಟಿಯಲ್ಲಿ ಮೇಲೇರುತ್ತ ಬಂದು, ಒಂದು ದಿನ ಅಂಚನ್ನು ದಾಟಿ ಹೊಳೆಯ ಪಾಲಾಗುವುದು. ನಾಳಿನ ಕೊಳಚೆಯನ್ನು ಶುದ್ಧಿಮಾಡಬೇಕಾದ ಜೀವಿಗಳೂ ಅದರೊಡನೆ ಹೋದವು. ಕೆಳದಂಡೆಯ ಊರುಗಳ ನೀರೂ ಕೆಟ್ಟಿತು. ಆದುದರಿಂದಲೇ ಬಲ್ಲ ಪರೀಕ್ಷಕನು ತಿಳಿಯನ್ನು ಒಮ್ಮೆ ನೋಡುವನು, ಗಸಿಯನ್ನು ದಿನವೂ ಅಳೆಯುವನು.