ಎತ್ತಾಗ ಹೊಂಟೀರಿ?

ಧಾರವಾಡದಲ್ಲಿ ಸಂಜೆ ಚಪ್ಪಲಿ ಮೆಟ್ಟಿ ಹೊರಬಿದ್ದವನು ಓಣಿ ದಾಟುವುದರೊಳಗೆ ನಾಲ್ಕು ಮಂದಿಗಾದರೂ ಉತ್ತರ ಕೊಡಬೇಕು. ಕಟ್ಟೆಯ ಮೇಲೆ ಕುಳಿತವರು, ಕಿರಾಣಿ ಅಂಗಡಿಯವರು, ಕೊಡೆ ಹಿಡಿದು ಎದುರಾಗುವ ನಿವೃತ್ತ ಮಾಸ್ತರರು, ಎಲ್ಲರದೂ ಒಂದೇ ಪ್ರಶ್ನೆ: "ಎತ್ತಾಗ ಹೊಂಟೀರಿ?" ನಿಜವಾದ ಉತ್ತರ ಯಾರಿಗೂ ಬೇಕಿಲ್ಲ. "ಇಲ್ಲೇ, ಹಿಂಗ" ಅಂದರೆ ಸಾಕು, ಕೇಳಿದವರಿಗೂ ಸಮಾಧಾನ, ನಮಗೂ ದಾರಿ ಸಲೀಸು. ಆಮೇಲೆ ಜುಬಿಲಿ ಸರ್ಕಲ್ಲಿಗಾದರೂ ಹೋಗಿ, ಸುಭಾಸ ರಸ್ತೆಯ ಪುಸ್ತಕದ ಅಟ್ಟವನ್ನಾದರೂ ಹತ್ತಿ, ಲೈನ್ ಬಜಾರದಲ್ಲಿ ಪೇಢೆಯ ಪಾಳಿಗಾದರೂ ನಿಲ್ಲಿ.

ಇತಿಹಾಸದ ವಿದ್ಯಾರ್ಥಿಯಾಗಿ ಒಂದು ಟರ್ಮಿನ ಮಟ್ಟಿಗೆ ಲಂಡನ್ನಿಗೆ ಹೋದಾಗ ನನಗೆ ಮೊದಲು ಇಲ್ಲವಾದದ್ದು ಈ ಪ್ರಶ್ನೆ. ಬ್ಲೂಮ್ಸ್‌ಬರಿಯ ಹಾಸ್ಟೆಲಿನ ಬಾಗಿಲು ದಾಟಿ ಎಡಕ್ಕೆ ಹೋದರೂ ಸೈ, ಬಲಕ್ಕೆ ಹೋದರೂ ಸೈ. ಮೊದಮೊದಲು ಇದು ಭಾರಿ ಸುಖ ಅನ್ನಿಸಿತು. ಬರಬರುತ್ತ ಕಾಲು ತಡವರಿಸತೊಡಗಿತು. ಬಾಯಿಮಾತಿಗೊಂದು ಉತ್ತರ ಕೊಟ್ಟು ಪಾರಾಗುವ ಅನುಕೂಲ ಇಲ್ಲದವನು, ತಾನು ಯಾಕೆ ನಡೆಯುತ್ತಿದ್ದೇನೆ ಅಂತ ನಿಜವಾಗಿಯೇ ಯೋಚಿಸಬೇಕಾಗುತ್ತದೆ. ಡಿಸೆಂಬರಿನ ಚಳಿಯಲ್ಲಿ ನಿಂತು ಅದನ್ನು ಯೋಚಿಸುವುದು ಯಾರಿಗೆ ಬೇಕು?

ಚಳಿಯ ಬಗ್ಗೆ ಊರಿನಲ್ಲಿ ನನಗೆ ಕೊಟ್ಟು ಕಳಿಸಿದ ಎಚ್ಚರಿಕೆಗಳೆಲ್ಲ ಹಿಮದ ಕುರಿತಾಗಿದ್ದವು. ಅವ್ವ ಪೆಟ್ಟಿಗೆಯಲ್ಲಿ ಒಂದು ಕೌದಿಯನ್ನೇ ತುರುಕಿದ್ದಳು. ಅದು ಕೋಣೆಗೆ ಸರಿ; ರಸ್ತೆಗೆ ಚಾರಿಟಿ ಅಂಗಡಿಯ ಕೋಟು, ನನಗಿಂತ ಎತ್ತರದವರು ಯಾರೋ ತೊಟ್ಟು ಬಿಟ್ಟದ್ದು. ಹಿಮ ಮಾತ್ರ ಬೀಳಲಿಲ್ಲ. ಬಿದ್ದದ್ದು ನಮ್ಮ ಶ್ರಾವಣದ ಜಿಟಿಜಿಟಿಯೇ, ಸ್ವಲ್ಪ ಹೆಚ್ಚು ತಣ್ಣಗೆ. ಧಾರವಾಡದವನಿಗೆ ಒದ್ದೆ ಚೀಲ, ಒಣಗದ ಕಾಲುಚೀಲ ಹೊಸವೇನಲ್ಲ. ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿನಲ್ಲಿದ್ದ 1962–63ರ ಚಳಿಗಾಲ ಬೇರೆಯೇ ಮಾತು. ಕ್ರಿಸ್‌ಮಸ್ಸಿನ ಮರುದಿನ ಬೀಳತೊಡಗಿದ ಹಿಮ ಹಲವು ಕಡೆ ಮಾರ್ಚ್‌ವರೆಗೂ ಕರಗಲಿಲ್ಲವಂತೆ. 1740ರ ನಂತರ ಇಂಗ್ಲೆಂಡ್ ಅಷ್ಟು ತಣ್ಣನೆಯ ಚಳಿಗಾಲ ಕಂಡಿರಲಿಲ್ಲ. ಅದರ ಮುಂದೆ ನನ್ನದು ಬರೀ ಶೀತ, ಸೀನು.

ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಬೆಳಕು. ಎಂಟಕ್ಕೆ ಹುಟ್ಟಿದ ಸೂರ್ಯ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ನಡುವೆಯಾದರೂ ನೆತ್ತಿಗೆ ಬರುತ್ತಾನೆಯೇ ಅಂದರೆ ಅದೂ ಇಲ್ಲ. ಡಿಸೆಂಬರ್ ಕೊನೆಯ ನಡುಹಗಲಿನಲ್ಲಿ ಧಾರವಾಡದ ಸೂರ್ಯ ದಿಗಂತದಿಂದ 51 ಡಿಗ್ರಿ ಮೇಲಿದ್ದರೆ ಲಂಡನ್ನಿನವನು ಬರೀ 15 ಡಿಗ್ರಿ. ಬಿಸಿಲು ಬಿದ್ದ ಅಪರೂಪದ ದಿನ ಹನ್ನೆರಡು ಗಂಟೆಗೂ ನನ್ನ ನೆರಳು ನನ್ನ ಮೂರೂವರೆ ಪಟ್ಟಿಗೂ ಹೆಚ್ಚು ಉದ್ದ ಬಿದ್ದಿತ್ತು. ಊಟದ ಹೊತ್ತಿಗೇ ಸಂಜೆಯ ನೆರಳು ಕಂಡರೆ ಮನುಷ್ಯನಿಗೆ ಮನೆಗೆ ಹೋಗುವ ಅವಸರ ಹತ್ತುತ್ತದೆ. ಹೋಗಲು ಮನೆ ಎಲ್ಲಿದೆ?

ನಡಿಗೆ ಗಟ್ಟಿಯಾದದ್ದು ದುಡ್ಡಿನ ದೆಸೆಯಿಂದ. ಟ್ಯೂಬ್ ರೈಲಿನ ದರವನ್ನು ರೂಪಾಯಿಯಲ್ಲಿ ಗುಣಿಸುವ ಚಟ ಬಿಡುವವರೆಗೆ ಯಾರೂ ಅದನ್ನು ನೆಮ್ಮದಿಯಿಂದ ಹತ್ತಲಾರರು. ಅದರ ನಕ್ಷೆಯೂ ನಂಬುವಂಥದ್ದಲ್ಲ. ಹ್ಯಾರಿ ಬೆಕ್ ಎಂಬವನು ಊರಿನ ಅಂತರಗಳನ್ನೆಲ್ಲ ಬದಿಗಿಟ್ಟು ಗೆರೆಗಳನ್ನು ನೇರ ಮಾಡಿ ಬರೆದ ಅದು 1933ರಲ್ಲಿ ಅಚ್ಚಾಯಿತು. ಅದೇ 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರುಮಾಡಿದರು. (ಎರಡಕ್ಕೂ ಏನೇನೂ ಸಂಬಂಧವಿಲ್ಲ. ಇಂಥ ಇಸವಿಗಳು ಕಣ್ಣಿಗೆ ಬೀಳುವುದು ನಮ್ಮೂರಿನವರಿಗೆ ಒಂದು ರೋಗ.) ಕಾವೆಂಟ್ ಗಾರ್ಡನ್‌ನಿಂದ ಲೆಸ್ಟರ್ ಸ್ಕ್ವೇರ್ ನಕ್ಷೆಯಲ್ಲಿ ಒಂದು ನಿಲ್ದಾಣ, ನೆಲದ ಮೇಲೆ ಮುನ್ನೂರು ಮೀಟರೂ ಇಲ್ಲ. ಆ ಮೆಟ್ಟಿಲು ಇಳಿದು ಹತ್ತುವುದರೊಳಗೆ ನಡೆದವನು ಚಹಾ ಕುಡಿದಿರುತ್ತಾನೆ. ನೆಲದ ಕೆಳಗಿನಿಂದ ಓಡಾಡುವವರಿಗೆ ಊರು ಬಿಡಿಬಿಡಿ ಚೌಕಗಳಾಗಿಯೇ ಉಳಿಯುತ್ತದೆ.

ಕ್ರಿಸ್‌ಮಸ್ ದಿನ ಟ್ಯೂಬೂ ಇಲ್ಲ, ಬಸ್ಸೂ ಇಲ್ಲ. ಅಷ್ಟು ದೊಡ್ಡ ರಾಜಧಾನಿ ಅಂದೊಂದು ದಿನ ಧಾರವಾಡದ ಹಾಗೆ ಕಾಲ ಮೇಲೆ ಬೀಳುತ್ತದೆ. ನಾನು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಸವಣ್ಣನನ್ನು ನೋಡಲು ಹೊರಟೆ. ಲ್ಯಾಂಬೆತ್ತಿನ ಮೇಯರ್ ಆಗಿದ್ದ ಕಲಬುರಗಿ ಮೂಲದ ನೀರಜ್ ಪಾಟೀಲರು ಬೆನ್ನುಹತ್ತಿ ಮಾಡಿಸಿದ ಆ ಪುತ್ಥಳಿಯನ್ನು ಪ್ರಧಾನಿ ಮೋದಿಯವರು 2015ರ ನವೆಂಬರ್ 14ರಂದು ಅನಾವರಣ ಮಾಡಿದ್ದರು. ಸ್ಟ್ರ್ಯಾಂಡ್ ಹಿಡಿದು, ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ಸೇಂಟ್ ಥಾಮಸ್ ಆಸ್ಪತ್ರೆಯ ಬೆನ್ನಿಗೆ ಥೇಮ್ಸ್ ದಂಡೆಗುಂಟ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ನದಿಯ ಆಚೆ ದಂಡೆಗೆ ಪಾರ್ಲಿಮೆಂಟು. ಸ್ಥಾವರ–ಜಂಗಮದ ಮಾತು ಅಲ್ಲಿ ನಿಂತ ಪ್ರತಿ ಕನ್ನಡಿಗನಿಗೂ ಹೊಳೆಯುತ್ತದೆ. ನನಗೂ ಹೊಳೆಯಿತು, ಬಿಟ್ಟೆ. ರೊಟ್ಟಿ ಮುರಿಯುವ ಸಪ್ಪಳಕ್ಕೆ ನಾಯಿ ಹಿಡಿದುಕೊಂಡು ಹೊರಟಿದ್ದ ಹೆಂಗಸೊಬ್ಬಳು ತಿರುಗಿ ನೋಡಿ, ನಕ್ಕು, ಹಬ್ಬದ ಶುಭಾಶಯ ಹೇಳಿ ಹೋದಳು. ಎತ್ತಾಗ ಹೊಂಟೀಯಪ್ಪಾ ಅಂತ ಯಾರಾದರೂ ಕೇಳಿದ್ದರೆ ಅಂದು ನನ್ನ ಹತ್ತಿರ ಒಳ್ಳೆಯ ಉತ್ತರ ಇತ್ತು.

ಅದರ ರುಚಿ ಹತ್ತಿತು. ಮುಂದೆ ಊರಿನ ಜಾಡು ಸಿಗದೆ ಹೊರಡುವುದನ್ನೇ ಬಿಟ್ಟೆ. ಬ್ರಿಟಿಷ್ ಮ್ಯೂಸಿಯಂ ಹಾಸ್ಟೆಲಿನಿಂದ ಕೂಗಳತೆ. ಅಲ್ಲಿ ಆಂಧ್ರದ ಅಮರಾವತಿ ಸ್ತೂಪದ ಶಿಲ್ಪಗಳಿವೆ. ಅಮೃತಶಿಲೆ ಅನ್ನುತ್ತಾರೆ, ಕಲ್ಲು ಮಾತ್ರ ಸುಣ್ಣಕಲ್ಲು. 1845ರಲ್ಲಿ ಅವನ್ನು ಅಗೆಸಿದವನು ವಾಲ್ಟರ್ ಎಲಿಯಟ್. ಬಹುಕಾಲ ಅವಕ್ಕೆ ಅವನದೇ ಹೆಸರಿತ್ತು. ಯಾರು ಈ ಎಲಿಯಟ್? 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯೆದುರು ಚೆನ್ನಮ್ಮನ ಮಂದಿಗೆ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ. ಆಗ ಅವನಿಗೆ 21 ವರ್ಷ. ಐದಾರು ವಾರ ಸೆರೆಯಲ್ಲಿದ್ದು ಬಿಡುಗಡೆಯಾದವನು ನಮ್ಮ ಸೀಮೆಯ ಮೇಲೆ ಮುನಿಸಿಕೊಳ್ಳಲಿಲ್ಲ. ಕನ್ನಡ ನಾಡಿನ 500ಕ್ಕೂ ಹೆಚ್ಚು ಶಾಸನಗಳನ್ನು ನಕಲು ಮಾಡಿಸಿ, ಚಾಲುಕ್ಯರ ಚರಿತ್ರೆಯನ್ನು ಮೊದಲು ಜೋಡಿಸಿದವರಲ್ಲಿ ಒಬ್ಬನಾದ. ನಮಗೆ ಶಾಲೆಯಲ್ಲಿ ಅವನ ಸೆರೆಯ ಕಥೆ ಮಾತ್ರ ಹೇಳಿದ್ದರು, ಶಾಸನದ ಕಥೆ ಹೇಳಿರಲಿಲ್ಲ. ಬಂದೂಕಿನ ಕಥೆ ಮಕ್ಕಳಿಗೆ ಬೇಗ ಹತ್ತುತ್ತದೆ, ನಿಜ. ಆದರೂ ಇದು ಅರ್ಧ ಪಾಠವೇ.

ಅಂದು ಕಿತ್ತೂರಿನಲ್ಲಿ ಸತ್ತವನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ. ಅಮಟೂರ ಬಾಳಪ್ಪನ ಗುಂಡಿಗೆ ಬಿದ್ದ ಅಂತ ನಮ್ಮ ಕಡೆ ಹೇಳುತ್ತಾರೆ. 'ವ್ಯಾನಿಟಿ ಫೇರ್' ಬರೆದ ಕಾದಂಬರಿಕಾರ ಥ್ಯಾಕರೆ ಅವನ ಅಣ್ಣನ ಮಗ, ಹುಟ್ಟಿದ್ದು 1811ರಲ್ಲಿ ಕಲಕತ್ತೆಯಲ್ಲಿ. ಆ ಕಾದಂಬರಿ ಬರೆದ ಮನೆ ಕೆನ್ಸಿಂಗ್ಟನ್ನಿನ ಯಂಗ್ ಸ್ಟ್ರೀಟಿನಲ್ಲಿ ಇನ್ನೂ ಇದೆ ಅಂತ ತಿಳಿದ ಮೇಲೆ ಸುಮ್ಮನಿರುವುದು ಹೇಗೆ? ಜನವರಿಯ ಒಂದು ಮಬ್ಬು ಮಧ್ಯಾಹ್ನ ಹೈಡ್ ಪಾರ್ಕನ್ನು ಉದ್ದಕ್ಕೆ ದಾಟಿ ಹೋದೆ. ಮುಂದಕ್ಕೆ ಉಬ್ಬಿದ ಕಿಟಕಿಗಳ ಗಟ್ಟಿ ಮನೆ. ಎದುರಿನ ಪಾದಚಾರಿ ದಾರಿಯಲ್ಲಿ ನಿಂತಾಗ ನೆನಪಾದದ್ದು ಕಾದಂಬರಿಯ ಜೋಸ್ ಸೆಡ್ಲಿ. ಹೊಟ್ಟೆಬಾಕ, ಪುಕ್ಕಲ, ಡಂಭಾಚಾರದ ಆಸಾಮಿ. ಉದ್ಯೋಗ, ಹಿಂದುಸ್ತಾನದಲ್ಲಿ ಕಲೆಕ್ಟರಿಕೆ. ಸ್ವಂತ ಕಾಕಾ ಕಲೆಕ್ಟರಾಗಿ ಕಿತ್ತೂರಿನಲ್ಲಿ ಗುಂಡೇಟಿಗೆ ಬಿದ್ದಿದ್ದರೂ ಅಣ್ಣನ ಮಗ ಅದೇ ಹುದ್ದೆಯವನೊಬ್ಬನನ್ನು ನಗೆಪಾಟಲು ಮಾಡಿದ್ದಾನೆ. ಬರೆಯುವವರಿಗೆ ಮನೆತನದ ಮುಲಾಜು ಇರುವುದಿಲ್ಲ.

ರಾತ್ರಿ ಅಜ್ಜನಿಗೆ ಫೋನ್ ಮಾಡಿದೆ. ಅಜ್ಜನ ಊರು ಕಿತ್ತೂರಿನ ಹತ್ತಿರದ ಹಳ್ಳಿ; ಅವನ ಲೆಕ್ಕದಲ್ಲಿ 1824 ಮೊನ್ನೆ ಮೊನ್ನೆ.

"ಇವತ್ತ ಎತ್ತಾಗ ಹೋಗಿದ್ದಿ?"

"ಥ್ಯಾಕರೆ ಅಣ್ಣನ ಮಗನ ಮನಿ ನೋಡಾಕ ಹೋಗಿದ್ನಜ್ಜಾ."

"ಅವರ ಮನಿಗೆ ನೀ ಯಾಕ ಹೋಗಿದ್ದಿ? ಏನರ ಅಂದ್ರೇನು?"

"ಯಾರೂ ಇಲ್ಲಜ್ಜಾ. ಅಂವ ಸತ್ತು ನೂರೈವತ್ತು ವರ್ಷದ ಮ್ಯಾಲ ಆತು."

ಅಜ್ಜ ಸ್ವಲ್ಪ ಹೊತ್ತು ವಿಚಾರ ಮಾಡಿದ. "ಕಾಕಾ ಮಾಡಿದ್ದಕ್ಕ ಹುಡುಗ ಏನ ಮಾಡ್ಯಾನು ಬಿಡು. ಎಲ್ಲಿ ಮಣ್ಣ ಮಾಡ್ಯಾರ?"

"ಕೆನ್ಸಲ್ ಗ್ರೀನ್ ಅಂತ ಐತಿ. ದೂರ."

"ಹೋಗೂದಾದ್ರ ಬರಿಗೈಲೆ ಹೋಗಬ್ಯಾಡ. ಎರಡು ಹೂವರ ಒಯ್ಯಿ."

ಮರುದಿನ ಹೂವಿನ ಅಂಗಡಿಯಲ್ಲಿ ವಿಚಾರಿಸಿದೆ. ಎಲ್ಲಕ್ಕಿಂತ ಸಣ್ಣ ಕಟ್ಟಿನ ಬೆಲೆಯೂ ಕೆನ್ಸಲ್ ಗ್ರೀನಿಗೆ ಟ್ಯೂಬಿನಲ್ಲಿ ಹೋಗಿಬರುವ ಖರ್ಚಿಗಿಂತ ಕಡಿಮೆ ಇರಲಿಲ್ಲ. ಹೂವು ಕೊಂಡೆ, ನಡೆದು ಹೋದೆ.