ಹಿತ್ತಲ ಹಕ್ಕಿ, ಹೊಲದ ಹಕ್ಕಿ

ಡಿಸೆಂಬರ್ 22, 2024, ಭಾನುವಾರ

ನಳ ಬಂದು ವಾರ ದಾಟಿತು. ಹರವಿಯ ತಳದಲ್ಲಿ ಉಳಿದ ನೀರಲ್ಲಿ ಒಂದು ತಂಬಿಗೆ ಬಾನಿಗೆ ಸುರಿದೆ. ಇದು ಅತ್ತೆಯವರ ಕಾಲದ ಕಲ್ಲಬಾನಿ, ದನಕ್ಕೆ ನೀರಿಡುತ್ತಿದ್ದದ್ದು. ದನ ಹೋದವು, ಬಾನಿ ಹಿತ್ತಲಲ್ಲೇ ಉಳಿಯಿತು. ಆಳ ಹೆಚ್ಚೆಂದು ಹಂಚಿನ ಚೂರು, ಇಟ್ಟಂಗಿ ಚೂರು ತುಂಬಿ ಎರಡು ಬೆರಳಷ್ಟೇ ನೀರು ನಿಲ್ಲುವಂತೆ ಮಾಡಿಕೊಂಡಿದ್ದೇನೆ. ಗುಬ್ಬಿಗೆ ಅಷ್ಟು ಸಾಕು.

ಮೊದಲು ಬಂದದ್ದು ಬೆಳವಗಳ ಜೋಡಿ. ಬೆಳವ ನೀರು ಕುಡಿಯುವುದನ್ನು ನೋಡಬೇಕು: ಕೊಕ್ಕು ಅದ್ದಿದರೆ ಮುಗಿಯಿತು, ತಲೆ ಎತ್ತದೆ ಎಳೆದುಕೊಳ್ಳುತ್ತದೆ, ದನ ಕುಡಿದ ಹಾಗೆಯೇ. ಪಕ್ಕದಲ್ಲಿದ್ದ ಗುಬ್ಬಿ ಮಾತ್ರ ಗುಟುಕಿಗೊಮ್ಮೆ ಕತ್ತು ಮೇಲೆತ್ತಿ ಆಕಾಶ ನೋಡುತ್ತದೆ.

ಕಾಳಿನಲ್ಲೂ ಅಷ್ಟೇ ಭೇದ. ಬೆಳವಕ್ಕೆ ನವಣಿ, ಸಜ್ಜಿ ಯಾವುದಾದರೂ ಇಡೀ ಕಾಳೇ ನುಂಗಿಬಿಡಬೇಕು. ಅರೆಯುವ ಕೆಲಸ ಹೊಟ್ಟೆಯೊಳಗಿನ ಹರಳಿನದು. ಗುಬ್ಬಿಗೆ ಅವಸರವಿಲ್ಲ. ಒಂದೊಂದೇ ನವಣಿ ಕಾಳನ್ನು ಕೊಕ್ಕಿನ ಅಂಚಿಗೆ ತಂದು ಹೊರಳಿಸುತ್ತದೆ, ಸಿಪ್ಪೆ ಬಾಯಿಯ ಎರಡೂ ಬದಿಗೆ ಉದುರುತ್ತದೆ, ಒಳಗಿನ ಅಕ್ಕಿ ಗಂಟಲಿಗೆ. ಸಂಜೆ ತಾಟು ಇನ್ನೂ ತುಂಬಿದಂತೆ ಕಾಣುತ್ತಿತ್ತು. ಬಾಗಿ ಊದಿದೆ. ಹೊಟ್ಟೆಲ್ಲ ಹಾರಿ ತಾಟಿನ ತಳ ಕಂಡಿತು. ಕಾಳು ಇನ್ನೂ ಇದೆಯಲ್ಲ ಎಂದು ಮೂರು ದಿನ ತಾಟು ಮುಟ್ಟದೆ ಬಿಡುವವರು ಈ ಊದುವುದನ್ನು ಕಲಿಯಬೇಕು.

ಡಿಸೆಂಬರ್ 30, ಸೋಮವಾರ. ಎಳ್ಳ ಅಮಾವಾಸ್ಯೆ

ತಮ್ಮನ ಹೊಲಕ್ಕೆ ಹೋಗಿದ್ದೆವು, ಶಿಗ್ಲಿ ಕಡೆ. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗಿ, ಮೊಸರನ್ನ ಎಲ್ಲ ಬುಟ್ಟಿ ತುಂಬ. ಬನ್ನಿ ಗಿಡದ ಬುಡಕ್ಕೆ ಪೂಜೆ ಮಾಡಿ, ತಮ್ಮ ಹೊಲದ ಸುತ್ತ ಚರಗ ಚೆಲ್ಲಿದ. ಚರಗ ಭೂಮಿತಾಯಿಗೆ ಎನ್ನುತ್ತಾರೆ, ಉಣ್ಣುವುದು ಮಾತ್ರ ಕಾಗಿ, ಗೊರವಂಕ, ಇರುವೆ. ನಾವಿನ್ನೂ ಉಣ್ಣಲು ಕೂತಿರಲಿಲ್ಲ, ಬದುವಿನ ಮೇಲೆ ಕಾಗೆಗಳ ಪಂಕ್ತಿ ಆಗಲೇ ಎದ್ದಿತ್ತು.

ಊಟದ ನಂತರ ತಮ್ಮ ಚೀಲದಿಂದ ಚುರಮರಿ ತೆಗೆದು ಕಡ್ಲಿ ಸಾಲಿನಲ್ಲಿ ಚೆಲ್ಲುತ್ತ ಹೊರಟ. ಚರಗ ಮುಗಿಯಿತಲ್ಲ, ಇದೇನು ಎಂದೆ. ಕಡ್ಲಿಗೆ ಹಸಿರು ಕೀಡಿ ಬಿದ್ದಿದೆಯಂತೆ, ಕಾಯಿ ಕೊರೆದು ತಲೆಯಷ್ಟೇ ಒಳಗೆ ತೂರಿಸಿ ಕಾಳು ತಿನ್ನುವ ಜಾತಿ. ಚುರಮರಿಗೆ ಹಕ್ಕಿ ಇಳಿಯುತ್ತವೆ, ಇಳಿದವು ಕೀಡಿ ಕಂಡರೆ ಚುರಮರಿ ಬಿಟ್ಟು ಅದಕ್ಕೇ ಬಾಯಿ ಹಾಕುತ್ತವೆ. ಅಲ್ಲಲ್ಲಿ ಕವಲು ಕಟ್ಟಿಗೆ ನೆಟ್ಟಿದ್ದಾನೆ, ಕಾಜಾಣ ಕೂಡಲಿ ಅಂತ. ಒಂದು ಕೂತೇ ಇತ್ತು. ಕೆಳಗೆ ಧುಮುಕಿತು, ಮತ್ತೆ ಅದೇ ಕವಲಿಗೆ ಬಂದಾಗ ಕೊಕ್ಕಿನಲ್ಲಿ ಏನೋ ಒದ್ದಾಡುತ್ತಿತ್ತು.

“ಎಣ್ಣಿ ಹೊಡದ್ರ ರೊಕ್ಕ, ಚುರಮರಿ ಸ್ವಸ್ತ ಅಲ್ಲೇನಕ್ಕಾ” ಅಂದ. ಅಲ್ಲಿಗೆ ಹಕ್ಕಿಗೆ ಉಣ್ಣಲಿಕ್ಕೆ ಹಾಕುವ ಹುಚ್ಚು ಈ ಮನೆತನದಲ್ಲಿ ನನಗೊಬ್ಬಳಿಗೇ ಇಲ್ಲ.

ಜನವರಿ 9, 2025, ಗುರುವಾರ

ಆಶಾ ಕಾರ್ಯಕರ್ತೆ ಲಾರ್ವಾ ನೋಡಲು ಬಂದಿದ್ದಳು. ಬಾನಿ ಕಂಡ ಕೂಡಲೇ ಮುಖ ಗಂಟಿಕ್ಕಿ, “ಅವ್ವಾರ, ಇದನ್ನ ಬೋರಲ ಹಾಕ್ರಿ” ಅಂದಳು. ಅವಳ ಮಾತು ಸುಳ್ಳಲ್ಲ. ಡೆಂಗಿ ಸೊಳ್ಳೆ ಮೊಟ್ಟೆ ಇಟ್ಟು, ಅದು ಮರಿಯಾಗಿ, ರೆಕ್ಕೆ ಬಂದು ಹಾರಲಿಕ್ಕೆ ಸುಮಾರು ವಾರ ಬೇಕು. ನಾನು ದಿನ ಬಿಟ್ಟು ದಿನ ನೀರು ಚೆಲ್ಲುತ್ತೇನೆ ಎಂದೆ. ಚೆಲ್ಲಿದರೆ ಸಾಲದು, ಮೊಟ್ಟೆ ಒಳಗಿನ ಗೋಡೆಗೆ ಅಂಟಿರುತ್ತದೆ, ತೆಂಗಿನ ನಾರಿನಿಂದ ತಿಕ್ಕಬೇಕು ಎಂದಳು. ಸರಿ, ತಿಕ್ಕೋಣ. ಚಾ ಕುಡಿದು ಹೋದಳು. ಚೆಲ್ಲಿದ ನೀರು ಕರಿಬೇವಿಗೆ.

ಜನವರಿ 19, ಭಾನುವಾರ

ಸೀತನಿ ತಿನ್ನಲು ತಮ್ಮ ಕರೆದಿದ್ದ. ಮಾಲದಂಡಿ ಜೋಳ ಹಾಲುಗಾಳು ದಾಟಿ ಗಟ್ಟಿಯಾಗುವ ಹಂತ. ಕುಳ್ಳಿನ ಬೆಂಕಿಯಲ್ಲಿ ತೆನೆ ಸುಟ್ಟು, ಬಡಿದು, ಕೇರಿ, ಬಿಸಿಬಿಸಿ ಕೈಗೆ ಹಾಕಿದ. ಜೊತೆಗೆ ಶೇಂಗಾ ಚಟ್ನಿ, ಬೆಲ್ಲ. ಅಷ್ಟು ರುಚಿಯ ಕಾಳಿಗೆ ನಾವಷ್ಟೇ ಗಿರಾಕಿಗಳಲ್ಲ. ಪೂರ್ವದಿಂದ ಒಂದು ದೊಡ್ಡ ಹಿಂಡು ಎದ್ದಿತು, ಎಲ್ಲ ಒಟ್ಟಿಗೆ ತಿರುಗಿ ಜೋಳದ ಮೇಲೆ ಬಿದ್ದವು. ಗುಲಾಬಿ ಕಬ್ಬಕ್ಕಿ. ಕರಿ ತಲೆ, ಕರಿ ರೆಕ್ಕೆ, ನಡುವೆ ತೊಳೆದ ಗುಲಾಬಿ ಮೈ. ಹೋದ ಬೇಸಿಗೆಯಲ್ಲಿ ಹುಟ್ಟಿದವು ಮಾತ್ರ ಇನ್ನೂ ಮಣ್ಣುಬಣ್ಣ.

ತಮ್ಮನ ಮಗ ಅಟ್ಟದ ಮೇಲಿಂದ ಕವಣಿ ಬೀಸಿದ. ಹಿಂಡು ಎದ್ದು, ಬದು ದಾಟಿ, ಕಡ್ಲಿ ಹೊಲದಲ್ಲಿ ಇಳಿಯಿತು. ಅಲ್ಲಿ ನಡೆದಾಡುತ್ತ ಕೀಡಿ ಹೆಕ್ಕತೊಡಗಿದವು. ಹುಡುಗ ಕವಣಿ ಕೆಳಗಿಟ್ಟ. ಬದುವಿನ ಆಚೆ ಇದ್ದರೆ ಕೂಲಿಯಿಲ್ಲದ ಆಳು, ಈಚೆ ಬಂದರೆ ಕಳ್ಳ. ಹಕ್ಕಿ ಅದೇ, ಹೊಟ್ಟೆ ಅದೇ.

ತಮ್ಮನಿಗೆ ಮಾತ್ರ ನಗು ಬರುವಂಥದ್ದಾಗಿರಲಿಲ್ಲ. “ಅಕ್ಕಾ, ನೀ ಅಲ್ಲೆ ಹಿತ್ತಲದಾಗ ಕಾಳ ಹಾಕಿ ಸಾಕತಿ, ಅವು ಇಲ್ಲಿ ಬಂದು ನನ್ನ ತೆನಿ ಬಡೀತಾವ” ಅಂದ. ಇವು ನನ್ನ ಹಿತ್ತಲಿಗೆ ಬರುವವಲ್ಲ, ಮಧ್ಯ ಏಷ್ಯಾದಿಂದ ಬಂದವು, ಏಪ್ರಿಲ್ ಹೊತ್ತಿಗೆ ವಾಪಸು ಹೋಗುತ್ತವೆ ಎಂದು ಹೇಳಿದೆ. ಚೀನಾದ ಶಿಂಜಿಯಾಂಗ್‌ನಲ್ಲಿ ಇವೇ ಹಕ್ಕಿ ಗೂಡು ಕಟ್ಟಲಿ ಎಂದು ಕಲ್ಲಿನ ರಾಶಿ ಒಟ್ಟಿ ಕೊಡುತ್ತಾರೆ, ಅಲ್ಲಿ ಹುಲ್ಲುಗಾವಲು ತಿನ್ನುವ ಮಿಡತೆಗಳನ್ನು ಇವು ಮುಗಿಸುತ್ತವೆ ಅಂತಲೂ ಹೇಳಿದೆ. “ಹಂಗಾರ ಅಲ್ಲೇ ಇರಾಕ ಏನ ಧಾಡಿ?” ಅಂದ.

ಫೆಬ್ರವರಿ 2, ಭಾನುವಾರ

ಮಾಗಡಿ ಕೆರೆ. ಇಂದು ವಿಶ್ವ ಜೌಗು ಭೂಮಿ ದಿನ. 1971ರ ಇದೇ ತಾರೀಖಿನಂದು ಇರಾನಿನ ರಾಮ್ಸರ್ ಊರಲ್ಲಿ ಇಂಥ ಭೂಮಿ ಉಳಿಸುವ ಒಪ್ಪಂದ ಆದದ್ದು. ಮಾಗಡಿ ಆ ಒಪ್ಪಂದದ ಪಟ್ಟಿಗೆ ಸೇರಿ ವರ್ಷವಾಯಿತು, 2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿಯ ಜೊತೆ. ಅದಕ್ಕೂ ಮುಂಚೆ ಕರ್ನಾಟಕದಿಂದ ರಂಗನತಿಟ್ಟು ಒಂದೇ ಇತ್ತು. ಅಂಥ ದೊಡ್ಡ ಹೆಸರು ಹೊತ್ತ ಕೆರೆ ಐವತ್ತನಾಲ್ಕು ಹೆಕ್ಟೇರು ಚಿಲ್ಲರೆ, ಅಷ್ಟೇ. ಹೊಲಗಳಿಗೆಂದು ಮಳೆನೀರು ನಿಲ್ಲಿಸಲು ಕಟ್ಟಿದ್ದು.

ಪಟ್ಟೆತಲೆ ಹೆಬ್ಬಾತುಗಳು ನೀರ ನಡುವೆ ಬೂದಿ ಬಣ್ಣದ ಗುಂಪಾಗಿ ತೇಲುತ್ತಿದ್ದವು. ಬಿಳಿ ತಲೆಯ ಹಿಂದೆ ಎರಡು ಕರಿ ಪಟ್ಟೆ, ಕಿತ್ತಳೆ-ಹಳದಿ ಕೊಕ್ಕು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯದ ಮೇಲಿಂದ ಹಾದು ಬಂದು ನಮ್ಮ ಶಿರಹಟ್ಟಿ ಬಯಲಲ್ಲಿ ಚಳಿಗಾಲ ಕಳೆಯುತ್ತವೆ. ದಕ್ಷಿಣ ಭಾರತದಲ್ಲಿ ಈ ಬಾತುಗಳ ದೊಡ್ಡ ಬೀಡುಗಳಲ್ಲಿ ಇದೊಂದು. ಹಗಲೆಲ್ಲ ತೇಲುವುದು, ತೂಕಡಿಸುವುದು. ಹೊತ್ತು ಮುಳುಗಿದ ಮೇಲೆ ಹೊಲಗಳಿಗೆ ಹೊರಡುತ್ತವೆ, ಕಡ್ಲಿ, ಶೇಂಗಾ ಮೇಯಲು.

ಏರಿಯ ಮೇಲೆ ಫೋಟೋ ತೆಗೆಯುವವರ ಗದ್ದಲ. ನನಗೆ ಹಿಡಿಸಿದ್ದು ಬದಿಯ ಹೊಲದ ಮುದುಕ. ಬಾತು ಅವನ ಹೊಲದಲ್ಲೂ ಇಳಿಯುತ್ತವಂತೆ. ಬೈಯುತ್ತೀರಾ ಎಂದರೆ, “ಬೈತೀವಿ. ಒಂದ ವರ್ಷ ಬರಲಿಲ್ಲಂದ್ರ ಕೆರಿ ನೋಡಾಕ ಆಗೂದಿಲ್ಲ” ಅಂದ. ಅವನ ಕಡ್ಲಿ ತಿಂದ ಬಾತಿನ ಫೋಟೋ ಬೆಂಗಳೂರಿಗೆ ಹೋಗುತ್ತದೆ. ನಷ್ಟ ಅವನ ಹೊಲದಲ್ಲೇ ಉಳಿಯುತ್ತದೆ. ಕೆರೆಗೆ ಸಿಕ್ಕ ಗೌರವದಲ್ಲಿ ಒಂದು ಹಿಡಿ ಅವನಿಗೂ ಮುಟ್ಟಬೇಕಿತ್ತು.

ಫೆಬ್ರವರಿ 15, ಶನಿವಾರ

ಹುಬ್ಬಳ್ಳಿಯಿಂದ ಮೊಮ್ಮಗಳು ಬಂದಿದ್ದಾಳೆ, ಮೊಬೈಲ್ ಸಮೇತ. ಜಗತ್ತಿನಲ್ಲೆಲ್ಲ ಈ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಸುತ್ತಾರಂತೆ, ಕಡಿಮೆ ಎಂದರೆ ಹದಿನೈದು ನಿಮಿಷ ಒಂದೆಡೆ ಕೂತು. ಅವಳದೇ ಹುಕುಂ: ನಾನು ಅಲುಗಾಡಬಾರದು, ಚಾ ಕುಡಿಯಬಹುದು.

ಮೊದಲ ಐದು ನಿಮಿಷದಲ್ಲೇ ಜಗಳ. “ಆಯೀ, ಇದ ಅದs ಗುಬ್ಬಿ ಮತ್ತ ಬಂದೈತಿ, ಎರಡ ಸಲ ಎಣಿಸಬ್ಯಾಡ.” ಕೊನೆಗೆ ಒಪ್ಪಂದವಾಯಿತು: ಒಮ್ಮೆಗೆ ಕಣ್ಣಿಗೆ ಬಿದ್ದ ಅತಿ ಹೆಚ್ಚಿನ ಸಂಖ್ಯೆ ಬರೆಯುವುದು. ಗುಬ್ಬಿ, ಬೆಳವ, ಪಿಕಳಾರ, ಗೊರವಂಕ, ದಾಸವಾಳಕ್ಕೆ ಬಂದ ಸೂರಕ್ಕಿ, ನುಗ್ಗೆಯಲ್ಲಿ ಬೈದಾಡುವ ಹರಟೆಮಲ್ಲರ ಪಟಾಲಂ, ನಮ್ಮೂರ ಸೋಮೇಶ್ವರ ಗುಡಿ ಕಡೆ ಕೂಗುತ್ತ ಹೋದ ಗಿಳಿಗಳು. ಒಮ್ಮೆಲೇ ಹಿತ್ತಲು ಖಾಲಿ. ಬೇವಿನ ಮೇಲೆ ಶಿಕ್ರಾ. ಅದನ್ನೂ ಬರೆದಳು. ತಾಟಿಗೆ ಕಾಳು ಹಾಕಿದರೆ ಗುಬ್ಬಿ ಬರುತ್ತದೆ, ಗುಬ್ಬಿ ಸೇರಿದರೆ ಶಿಕ್ರಾ ಬರುತ್ತದೆ, ಅದನ್ನು ಬೇಡ ಎನ್ನಲು ನನಗೆ ಹಕ್ಕಿಲ್ಲ. ತಾಟನ್ನು ಮಾತ್ರ ಪೇರಲ ಗಿಡದ ದಟ್ಟ ಟೊಂಗೆಯ ಹತ್ತಿರ ಸರಿಸಿದೆ, ಓಡಿ ಹೊಕ್ಕಲು ಜಾಗವಿರಲಿ ಎಂದು. ತೀರ ಒತ್ತಿಗೆ ಇಟ್ಟರೆ ಬೆಕ್ಕಿಗೆ ಅನುಕೂಲ.

ಬಾಜೂಮನಿ ಖಾಲಾ ಗೋಡೆಯ ಮೇಲಿಂದ ಇಣುಕಿ, ನಿನ್ನೆಯ ಬಿರ್ಯಾನಿ ಉಳಿದಿದೆ, ಹಕ್ಕಿಗೆ ಹಾಕಲೇ ಎಂದರು. ಉಪ್ಪು-ಎಣ್ಣೆ ಅವುಗಳಿಗೆ ಆಗುವುದಿಲ್ಲ, ಮೊಮ್ಮಗಳಿಗೆ ಆಗುತ್ತದೆ ಎಂದೆ.

ಮಾರ್ಚ್ 3, ಸೋಮವಾರ

ತಮ್ಮನ ಜೋಳದ ರಾಶಿ ಮುಗಿಯಿತು. ಸಾಲಿನ ಅಂಚಿನ ತೆನೆಗಳೆಲ್ಲ ಬೋಳು. ಒಳಗಿನವು ಪರವಾಗಿಲ್ಲ. ಮುಂದಿನ ಸಲ ಜೋಳವೇ ಬೇಡ, ಎಲ್ಲ ಕಡ್ಲಿ ಎನ್ನುತ್ತಿದ್ದಾನೆ.

ಕೂತು ಯೋಚಿಸಿದೆ. ನಾವು ಸಣ್ಣವರಿದ್ದಾಗ ಹಿಂಗಾರಿಯಲ್ಲಿ ಎರಿ ಹೊಲಗಳೆಲ್ಲ ಜೋಳವೇ. ಆಗಲೂ ಹಕ್ಕಿ ಬೀಳುತ್ತಿದ್ದವು, ಅಪ್ಪ ಆಗಲೂ ಕವಣಿ ಬೀಸುತ್ತಿದ್ದ. ಆದರೆ ಒಂದು ಹಿಂಡು ನೂರು ಹೊಲಗಳಲ್ಲಿ ಹಂಚಿಹೋಗುತ್ತಿತ್ತು, ಒಬ್ಬೊಬ್ಬನ ಪಾಲಿನ ನಷ್ಟ ನಾಲ್ಕು ತೆನೆ. ಈಗ ಸುತ್ತ ಕಡ್ಲಿ, ಗೋವಿನಜೋಳ, ನಡುವೆ ತಮ್ಮನದೊಂದೇ ಎಕರೆ ಜೋಳ, ಅದೂ ಮನೆಯ ರೊಟ್ಟಿಗೆಂದು. ಹಿಂಡು ಸಣ್ಣದಾಗಲಿಲ್ಲ, ಉಣಿಸುವವರು ಕಡಿಮೆಯಾದರು. ಎಲ್ಲರೂ ಕೊಡುತ್ತಿದ್ದ ಪಾಲು ಇವನೊಬ್ಬನ ತಲೆಗೆ ಬಂತು.

ಊರೊಳಗಿನ ಗುಬ್ಬಿಯ ಕಥೆಯೂ ಇದೇ ಅನ್ನಿಸುತ್ತದೆ. ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದ ಕಾಲದಲ್ಲಿ ಯಾರೂ ಹಕ್ಕಿಗೆಂದು ಕಾಳು ಹಾಕುತ್ತಿರಲಿಲ್ಲ. ಪ್ರತಿ ಮನೆಯ ಮುಂದೆ ನುಚ್ಚು, ಹೊಟ್ಟು, ಹುಳು ತಾನಾಗಿ ಬೀಳುತ್ತಿತ್ತು. ಈಗ ಹಿಟ್ಟೇ ಪಾಕೀಟಿನಲ್ಲಿ ಬರುತ್ತದೆ. ಮೊಬೈಲ್ ಟವರಿನ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುವವರು ತಮ್ಮ ಮನೆಯ ಸ್ಲ್ಯಾಬನ್ನು ಒಮ್ಮೆ ನೋಡಲಿ. ಹಳೆ ಮಾಳಿಗೆ ಮನೆಯ ಜಂತಿಯ ಸಂದಿ ಅದರಲ್ಲಿ ಎಲ್ಲಿದೆ?

ಮಾರ್ಚ್ 20, ಗುರುವಾರ

ವಿಶ್ವ ಗುಬ್ಬಚ್ಚಿ ದಿನ. ಒಂದು ಸಮಾರಂಭದಲ್ಲಿ ಮಕ್ಕಳಿಗೆ ರಟ್ಟಿನ ಗೂಡು ಹಂಚಿದರು, ನನಗೂ ಒಂದು. ಬಾಗಿಲು ನನ್ನ ಮುಷ್ಟಿ ಹೋಗುವಷ್ಟು. ಗೊರವಂಕ ಬಂದು ಒಕ್ಕಲಾಗುವುದು ಖಂಡಿತ. ಗುಬ್ಬಿಗೆ 32 ಮಿಲಿಮೀಟರ್ ಸಾಕು. ಬಡಿಗೇರನ ಹತ್ತಿರ ಹಲಗೆಯದೊಂದು ಮಾಡಿಸಿ, ಬಿಸಿಲು ಬೀಳದ ಉತ್ತರದ ಗೋಡೆಗೆ ಎತ್ತರದಲ್ಲಿ ಹೊಡೆಸಿದ್ದೆ. ಗಂಡು ಅದರ ಮೇಲೆ ಕೂತು ಮುಂಜಾನೆಯಿಂದ ಚಿಲಿಚಿಲಿ.

ಈ ಗಂಡಿನ ಕೊರಳನ್ನು ಡಿಸೆಂಬರಿನಿಂದ ನೋಡುತ್ತಿದ್ದೇನೆ. ಆಗ ಕೊರಳ ಕಪ್ಪು ಮಸುಕಾಗಿ, ಬೂದಿ ಬಳಿದಂತಿತ್ತು. ಈಗ ಎದೆತನಕ ಮಸಿಗಪ್ಪು. ಹೊಸ ಗರಿ ಬಂದದ್ದಲ್ಲ. ಗರಿಗಳ ತುದಿಯ ತಿಳಿಬಣ್ಣದ ಅಂಚು ಚಳಿಗಾಲವೆಲ್ಲ ಸವೆದು ಉದುರಿತು, ಒಳಗಿದ್ದ ಕಪ್ಪು ಹೊರಗೆ ಬಂತು. ಕೊಕ್ಕೂ ಕಪ್ಪಾಗಿದೆ. ಮದುವೆಗೆ ಹೊಸ ಬಟ್ಟೆ ತರದೆ ಹಳೆಯದನ್ನೇ ಸವೆಸಿ ಸಿಂಗಾರವಾದ ಮದುಮಗ ಇವನೊಬ್ಬನೇ ಇರಬೇಕು.

ಮಾರ್ಚ್ 30, ಭಾನುವಾರ. ಯುಗಾದಿ

ಗೂಡೊಳಗೆ ಮರಿ ಕೂಗುತ್ತಿವೆ. ತಾಯಿ-ತಂದೆ ಇಬ್ಬರೂ ತಾಟಿನ ನವಣಿಯನ್ನು ಮುಟ್ಟುತ್ತಿಲ್ಲ. ಕರಿಬೇವು, ನುಗ್ಗೆಯ ಎಲೆ ಎಲೆ ಹುಡುಕಿ ಹುಳು ಒಯ್ಯುತ್ತಿವೆ. ಮರಿಗೆ ಮೊದಲ ದಿನಗಳಲ್ಲಿ ಹುಳುವೇ ಬೇಕು, ಕಾಳು ಅರಗದು. ನುಗ್ಗೆಗೆ ಕಂಬಳಿಹುಳು ಬಿದ್ದಿದೆ, ಔಷಧಿ ಹೊಡೆಸಿ ಎಂದವರಿಗೆ ಬೇಡ ಎಂದದ್ದು ಒಳ್ಳೆಯದಾಯಿತು.

ಮಧ್ಯಾಹ್ನ ತಮ್ಮ ಹೋಳಿಗೆ ಊಟಕ್ಕೆ ಬಂದ. ನನ್ನ ಲೆಕ್ಕ ಅವನ ಮುಂದೆ ಇಟ್ಟೆ: ಜೋಳ ಬಿಡುವುದು ಬೇಡ, ಬಾಜೂ ಹೊಲದ ನಾಲ್ವರು ಒಟ್ಟಿಗೆ, ಒಂದೇ ವಾರದಲ್ಲಿ ಬಿತ್ತಿದರೆ ಹಿಂಡು ಹಂಚಿಹೋಗುತ್ತದೆ, ಕವಣಿ ಬೀಸಲು ಆಳೂ ಪಾಲಿಗೆ ಸಿಗುತ್ತಾನೆ. ಅವನು ತುಪ್ಪ ಸುರಿದುಕೊಳ್ಳುತ್ತ ತನ್ನ ಲೆಕ್ಕ ಹೇಳಿದ. ಸರಕಾರದ ಬೆಂಬಲ ಬೆಲೆ ಕಡ್ಲಿಗೆ ಕ್ವಿಂಟಲಿಗೆ 5,650, ಮಾಲದಂಡಿ ಜೋಳಕ್ಕೆ 3,421. ಹಕ್ಕಿ ಕಾಯುವ ಕೂಲಿ ಬೇರೆ.

“ಮತ್ತ ಕಣಕಿ?” ಎಂದೆ.

ಅದಕ್ಕೆ ಸ್ವಲ್ಪ ಹೊತ್ತು ಸುಮ್ಮನಾದ. ಅವನು ಎತ್ತು ಮಾರಿ ಟ್ರ್ಯಾಕ್ಟರ್ ಬಾಡಿಗೆಗೆ ಹೇಳುವವನು, ಕಣಕಿಯ, ಅಂದರೆ ಜೋಳದ ದಂಟಿನ ಮೇವಿನ, ಚಿಂತೆ ಅವನಿಗಿಲ್ಲ. ಆದರೆ ಅವನ ಓಣಿಯಲ್ಲಿ ಎತ್ತು ಕಟ್ಟಿದವರು ಇನ್ನೂ ಇಬ್ಬರಿದ್ದಾರಂತೆ, ಮೇವು ಕೊಂಡು ಕೊಂಡು ಸೋತವರು. “ಅವರನ್ನ ಕೇಳಿ ನೋಡ್ತೀನಿ” ಅಂದ. ಬಿತ್ತಿಗೆ ಇನ್ನೂ ಸೀಗಿ ಹುಣ್ಣಿವಿಯ ತನಕ ಟೈಮಿದೆ. ಇನ್ನೊಂದು ಹೋಳಿಗೆ ಹಾಕಿದೆ.