ಸತುವಿನ ಗುಳಿಗೆ ಮತ್ತು ಅಕ್ಕನ ಫೋನು

ಆಲುವಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯ್ತು. ಬಂದ ಹೊಸದರಲ್ಲಿ ಬಸ್ಸಿನ ಬೋರ್ಡಿನಲ್ಲಿ 'ಬಿನಾನಿಪುರಂ' ಅಂತ ಓದಿ ಯಾವುದೋ ದೇವರ ಹೆಸರಿರಬೇಕು ಅಂದುಕೊಂಡಿದ್ದೆ. ನೋಡಿದರೆ ಅದು ಪೆರಿಯಾರ್ ದಂಡೆಯಲ್ಲಿ ಸತು ತಯಾರಿಸುತ್ತಿದ್ದ ಕಾರ್ಖಾನೆಯಿಂದ ಬಂದ ಹೆಸರು! 2014ರಲ್ಲಿ ಕಾರ್ಖಾನೆ ಮುಚ್ಚಿತು, ಊರಿನ ಹೆಸರು ಉಳಿದಿದೆ.

ಸತು ಅಂದರೆ ಝಿಂಕ್. ನನಗದು ತಗಡಿಗೆ ಬಳಿಯುವ ಪದಾರ್ಥವಾಗಿಯೇ ಗೊತ್ತಿದ್ದದ್ದು. ಮೊಮ್ಮಗನಿಗೆ ಭೇದಿಯಾದಾಗ ಡಾಕ್ಟರು ಓಆರ್‌ಎಸ್ ಜೊತೆ 14 ದಿನ ಝಿಂಕ್ ಕೊಡಿ ಅಂದರು. ಆ ನೆಪದಲ್ಲಿ ಅದರ ಬಗ್ಗೆ ಓದುತ್ತಾ ಹೋದವನು ಅಮೆರಿಕದ ನವಾಹೊ ಆದಿವಾಸಿಗಳ ತನಕ ತಲುಪಿಬಿಟ್ಟೆ.

ಅವರ ನೆಲದಿಂದ 1944ರಿಂದ 1986ರವರೆಗೆ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರು ತೆಗೆದರಂತೆ. ಅಗೆದವರು ಹೋದರು, ಐನೂರಕ್ಕೂ ಹೆಚ್ಚು ಗಣಿಗಳನ್ನು ಹಾಗೆಯೇ ಬಿಟ್ಟು. ಅಲ್ಲಿನ ಕೆಲವು ಬಾವಿಗಳ ನೀರಿನಲ್ಲಿ ಯುರೇನಿಯಂ, ಆರ್ಸೆನಿಕ್. ನಮ್ಮ ಮೈಯಲ್ಲಿ ಡಿಎನ್‌ಎ ಕೆಟ್ಟರೆ ರಿಪೇರಿ ಮಾಡುವ ಕೆಲವು ಪ್ರೋಟೀನುಗಳು ಒಂದು ಸತುವಿನ ಅಣುವನ್ನು ಹಿಡಿದುಕೊಂಡೇ ಕೆಲಸ ಮಾಡುತ್ತವೆ. ಆರ್ಸೆನಿಕ್ ಬಂದು ಆ ಸತುವನ್ನು ಎಬ್ಬಿಸಿ ತಾನು ಕೂರುತ್ತದೆ, ರಿಪೇರಿ ನಿಲ್ಲುತ್ತದೆ. ಹಾಗಾದರೆ ಸತುವನ್ನೇ ಸ್ವಲ್ಪ ಹೆಚ್ಚು ಕೊಟ್ಟರೆ? ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದವರು ನವಾಹೊ ಜನರ ಜೊತೆ ಸೇರಿ ಗುಳಿಗೆ ಕೊಟ್ಟು ಪರೀಕ್ಷೆಗೆ ಇಳಿದದ್ದು ಇದನ್ನೇ. ಅಗ್ಗದ ಗುಳಿಗೆ. ಆದರೆ ಬಾವಿ ಸರಿಮಾಡುವ ಕೆಲಸಕ್ಕೆ ಅದು ಬದಲಿ ಅಲ್ಲ ಅನ್ನುವುದು ನನ್ನ ಲೆಕ್ಕ.

ಉತ್ಸಾಹದಲ್ಲಿ ಇದನ್ನು ಊರಿಗೆ, ಎಣ್ಮಕಜೆಯ ಅಕ್ಕನಿಗೆ, ಫೋನಿನಲ್ಲಿ ಹೇಳಿಬಿಟ್ಟೆ. ಹೇಳಬಾರದಿತ್ತು.

"ಆ ಗುಳಿಗೆ ಇಲ್ಲಿ ಸಿಗ್ತದಾ? ನಮ್ಮ ಮಾಣಿಗೆ ಕೊಡಬಹುದಾ?" ಅಂದಳು.

ಮಾಣಿಗೆ ಈಗ ಮೂವತ್ತೊಂದು. ಹುಟ್ಟಿದಾಗಿನಿಂದ ಎದ್ದು ನಿಂತಿಲ್ಲ. ಗುಡ್ಡದ ಗೇರುತೋಟಕ್ಕೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದದ್ದು ಆ ಕಡೆಯವರಿಗೆಲ್ಲ ಗೊತ್ತು. ನಮ್ಮ ಕನ್ನಡದಲ್ಲಿ ಅದಕ್ಕೂ 'ಮದ್ದು' ಅಂತಲೇ ಹೆಸರು, ಜ್ವರಕ್ಕೆ ಕುಡಿಯುವುದಕ್ಕೂ ಮದ್ದು! ಚಿಕ್ಕವರಿದ್ದಾಗ "ಇವತ್ತು ಮದ್ದು ಬಿಡ್ತಾರೆ, ಬಾವಿ ಮುಚ್ಚಿ" ಅನ್ನುತ್ತಿದ್ದರು. ತೆರೆದ ತೋಡನ್ನು ಯಾವುದರಿಂದ ಮುಚ್ಚುವುದು? ಅದೇ ಎಂಡೋಸಲ್ಫಾನನ್ನು ಇಲ್ಲಿ ನನ್ನ ಮನೆಯಿಂದ ಕೆಳಗೆ, ಏಲೂರಿನಲ್ಲಿ, ತಯಾರಿಸುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. ಹೊಟ್ಟೆಪಾಡಿಗೆ ನಾನು ಬಂದು ಸೇರಿದ್ದು ಅದರ ತವರಿಗೇ!

"ಅದು ಲೋಹದ ವಿಷಕ್ಕೆ ಅಕ್ಕಾ, ಇದು ಬೇರೆ. ಅಲ್ಲಿಯೂ ಅದು ಇನ್ನು ಆಗುವ ಹಾನಿ ತಡೆಯಲಿಕ್ಕೆ, ಆದದ್ದನ್ನು ಸರಿ ಮಾಡಲಿಕ್ಕಲ್ಲ" ಅಂದೆ. ಅಷ್ಟು ಹೇಳುವಷ್ಟರಲ್ಲಿ ಗಂಟಲು ಒಣಗಿತ್ತು.

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಹಿಂದಿನಿಂದ ಮಾಣಿ ಏನೋ ಕೂಗಿದ್ದು ಕೇಳಿಸಿತು.

"ಹಾಗಾದ್ರೆ ಅದು ಬೇಡ. ಬರುವಾಗ ಡಯಾಪರ್ ತೆಗೊಂಡು ಬಾ. ದೊಡ್ಡ ಸೈಜಿಂದು. ಇಲ್ಲಿ ಸಿಕ್ಕುವುದು ಅವನಿಗೆ ಬಿಗಿ ಆಗ್ತದೆ."